ಮೊಣಕಾಲು ಗುಣವಾಗುವ ಮುನ್ನ ಮೇಳ ಹೊರಡುತ್ತದೆ: ನಿಧಾನವನ್ನು ಒಪ್ಪಿಕೊಳ್ಳುವುದು ಹೇಗೆ?

ಪುಂಡುವೇಷದವನು, ಬಜಪೆ

ನಾನು ಯಕ್ಷಗಾನದ ತೆಂಕುತಿಟ್ಟು ಶೈಲಿಯ ಮೇಳವೊಂದರಲ್ಲಿ ಪುಂಡುವೇಷ, ಅಂದರೆ ಚುರುಕಾಗಿ ಕುಣಿಯುವ ತರುಣ ವೀರರ ಪಾತ್ರ ಮಾಡುವವನು. ಕಳೆದ ತಿರುಗಾಟದ ಕೊನೆಯಲ್ಲಿ, ಮೇಳಗಳ ವರ್ಷದ ಆಟ ಮುಗಿಯುವ ಪತ್ತನಾಜೆಗೆ ಇನ್ನು ಕೆಲವೇ ಆಟಗಳು ಉಳಿದಿದ್ದಾಗ, ದಿಗಿಣ (ಹಾರಿ ತಿರುಗುವ ಕುಣಿತ) ಹಾರಿ ಇಳಿಯುವ ಹೊತ್ತಿಗೆ ಬಲಗಾಲು ಹಲಗೆಯ ಮೇಲೆ ನಿಂತಲ್ಲೇ ನಿಂತು ಮೈ ಮಾತ್ರ ತಿರುಗಿಬಿಟ್ಟಿತು. ಚೆಂಡೆಯ ಪೆಟ್ಟಿನ ನಡುವೆಯೂ ಮೊಣಕಾಲಿನೊಳಗೆ ಏನೋ ಕಡಿದ ಸದ್ದು ನನಗೆ ಕೇಳಿಸಿತು. ಎಂಆರ್‌ಐ ಮಾಡಿಸಿದಾಗ ಎಸಿಎಲ್ ಎಂಬ ಅಸ್ಥಿರಜ್ಜು ಪೂರ್ತಿ ಹರಿದಿರುವುದು ಗೊತ್ತಾಯಿತು. ಜೂನ್ ಆರಂಭದಲ್ಲಿ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು; ನನ್ನದೇ ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನು ತೆಗೆದು ಮೊಣಕಾಲಿನೊಳಗೆ ಕೂರಿಸಿದ್ದಾರೆ.

ಈಗ ಆಗಸ್ಟ್ ಮುಗಿಯುತ್ತಾ ಬಂದಿದೆ. ಬಾವು ಇಳಿದಿದೆ, ಮೆಟ್ಟಿಲು ಹತ್ತಿ ಇಳಿಯುತ್ತೇನೆ, ನೋವು ಇಲ್ಲವೆಂದೇ ಹೇಳಬಹುದು. ನವೆಂಬರಿನಲ್ಲಿ ಮೇಳ ಹೊರಡುತ್ತದೆ. ಆದರೆ 9 ತಿಂಗಳು ತುಂಬುವ ಮೊದಲು ದಿಗಿಣದ ಮಾತನ್ನೇ ಎತ್ತಬಾರದು ಎಂದು ಶಸ್ತ್ರವೈದ್ಯರು ಖಚಿತವಾಗಿ ಹೇಳಿದ್ದಾರೆ. ಅಂದರೆ ಮಾರ್ಚ್ ತಿಂಗಳು. ಅಷ್ಟು ಹೊತ್ತಿಗೆ ತಿರುಗಾಟದ ಹೆಚ್ಚಿನ ಪಾಲು ಮುಗಿದಿರುತ್ತದೆ. ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳವಂತೂ ಕೈತಪ್ಪಿಯೇ ಹೋಯಿತು. ದೇವಸ್ಥಾನದಲ್ಲಿ, ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಕ್ಕವರೆಲ್ಲ ಪ್ರೀತಿಯಿಂದಲೇ ಕೇಳುವುದು, ‘ಇನ್ನೂ ಸರಿಯಾಗಲಿಲ್ಲವಾ?’ ಎಂದು. ಆ ‘ಇನ್ನೂ’ ಕೇಳಿದಾಗಲೆಲ್ಲ ನಾನು ಯಾರಿಗೋ ಬಾಕಿ ಇಟ್ಟುಕೊಂಡಿದ್ದೇನೆ ಎನಿಸುತ್ತದೆ. ಕಾಲು ತನ್ನ ವೇಗದಲ್ಲಿ ಗುಣವಾಗಲಿ ಎಂದು ಮನಸ್ಸನ್ನು ಒಪ್ಪಿಸುವುದು ಹೇಗೆ? ಇಂಥ ಕಾಯುವಿಕೆಯನ್ನು ಕಂಡವರು ದಯವಿಟ್ಟು ಬರೆಯಿರಿ.


ಫಿಸಿಯೋಥೆರಪಿಸ್ಟ್, ಕಂಕನಾಡಿ

ನೋವಿಲ್ಲ ಎಂಬ ನಿಮ್ಮ ಮಾತನ್ನು ಓದಿ ಸಂತೋಷವೂ ಆತಂಕವೂ ಒಟ್ಟಿಗೆ ಆಯಿತು. ಈ ಶಸ್ತ್ರಚಿಕಿತ್ಸೆಯ ನಂತರ ಒಳಗೆ ನಡೆಯುವುದನ್ನು ರೋಗಿಗಳಿಗೆ ಬಿಡಿಸಿ ಹೇಳುವವರು ಕಡಿಮೆ. ಅದು ತಿಳಿದರೆ 9 ತಿಂಗಳು ಎನ್ನುವುದು ವೈದ್ಯರು ವಿಧಿಸಿದ ಶಿಕ್ಷೆಯಂತೆ ಕಾಣಲಾರದು.

ಕೂರಿಸಿದ ಸ್ನಾಯುರಜ್ಜುವನ್ನು ಅದರ ಮೂಲ ಜಾಗದಿಂದ ಬಿಡಿಸಿ ತಂದಿರುವುದರಿಂದ ಮೊದಲಿಗೆ ಅದಕ್ಕೆ ರಕ್ತಸಂಚಾರವೇ ಇರುವುದಿಲ್ಲ. ಅದರೊಳಗಿನ ಹಳೆಯ ಜೀವಕೋಶಗಳು ಸಾಯುತ್ತವೆ, ನಾರಿನ ಚೌಕಟ್ಟು ಮಾತ್ರ ಉಳಿಯುತ್ತದೆ. ಆಮೇಲೆ ಸುತ್ತಲಿನಿಂದ ಹೊಸ ರಕ್ತನಾಳಗಳೂ ಹೊಸ ಜೀವಕೋಶಗಳೂ ಒಳಗೆ ಬಂದು, ಹಳೆಯ ನಾರನ್ನು ಕರಗಿಸಿ ಹೊಸದನ್ನು ನೇಯುತ್ತಾ ಹೋಗುತ್ತವೆ. ಹಳೆಯದು ಕರಗಿ ಹೊಸದು ಇನ್ನೂ ಬಲಿಯದ ಘಟ್ಟ ಸಾಮಾನ್ಯವಾಗಿ ಮೊದಲ ಮೂರು ತಿಂಗಳ ಒಳಗೆ ಬರುತ್ತದೆ. ಕೂರಿಸಿದ ದಿನ ಇದ್ದುದಕ್ಕಿಂತಲೂ ಕಡಿಮೆ ಬಲ ಆಗ ಅದಕ್ಕೆ ಇರುತ್ತದೆ. ಬಾವು ಇಳಿದು, ನೋವು ಹೋಗಿ, ‘ನಾನು ಸರಿಯಾದೆ’ ಎನಿಸುವುದೂ ಸರಿಸುಮಾರು ಅದೇ ಹೊತ್ತಿನಲ್ಲಿ. ನೋವಿಲ್ಲದ್ದನ್ನೇ ಗುಣವಾದ ಲಕ್ಷಣವೆಂದು ನಂಬಿದವರು ಎಡವುವುದು ಅಲ್ಲಿಯೇ. ನೀವು ಈಗ ನಿಂತಿರುವುದೂ ಅಲ್ಲಿಯೇ.

ಮೊಣಕಾಲ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ಮಿತಿಮೀರಿ ತಿರುಚದಂತೆ ಹಿಡಿದಿಡುವುದು ಎಸಿಎಲ್‌ನ ಕೆಲಸ. ದಿಗಿಣದಲ್ಲಿ ಆಗುವುದಾದರೂ ಏನು? ಹಾರುತ್ತಾ ತಿರುಗಿ, ಒಂದು ಕಾಲಿನ ಮೇಲೆ ಇಳಿದು, ಇಳಿದ ಕ್ಷಣದಲ್ಲೇ ಮತ್ತೆ ತಿರುಗಲು ಹೊರಡುತ್ತೀರಿ. ಅದೂ ಬರಿಗಾಲಿನಲ್ಲಿ, ಗೆಜ್ಜೆಯ ಭಾರ ಹೊತ್ತು, ಗದ್ದೆಯಲ್ಲಿ ಕಟ್ಟಿದ ರಂಗಸ್ಥಳದ ಏರುತಗ್ಗಿನ ಹಲಗೆಯ ಮೇಲೆ. ಫುಟ್‌ಬಾಲ್ ಆಟಗಾರನಿಗೆ ಹೇಳುವ ಎಚ್ಚರಿಕೆ ನಿಮಗೆ ಕಿಂಚಿತ್ತೂ ಕಡಿಮೆಯಾಗದೆ ಅನ್ವಯಿಸುತ್ತದೆ. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋದ ಸಂಶೋಧಕರು ಒಟ್ಟಾಗಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಮುಂದೂಡಿದ ಒಂದೊಂದು ತಿಂಗಳಿಗೂ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ತಗ್ಗಿತ್ತು. ತೊಡೆಯ ಮುಂಭಾಗದ ಸ್ನಾಯುವಿನ ಬಲ ಎರಡೂ ಕಾಲುಗಳಲ್ಲಿ ಸಮವಾಗುವ ಮೊದಲೇ ಮರಳಿದವರಿಗೆ ಅಪಾಯ ಹೆಚ್ಚು ಎಂಬುದೂ ಅದರಲ್ಲೇ ಕಂಡುಬಂದಿದೆ.

ಆದ್ದರಿಂದ ಕ್ಯಾಲೆಂಡರನ್ನು ಮಾತ್ರ ನೋಡಿದರೆ ಸಾಲದು. ಮಲಗಿ 9 ತಿಂಗಳು ಕಳೆದವನ ಮೊಣಕಾಲು ಗುಣವಾಗಿರುವುದಿಲ್ಲ. ಹೊಸ ನಾರು ಯಾವ ದಿಕ್ಕಿನಲ್ಲಿ ಬಲಿಯಬೇಕು ಎಂಬುದನ್ನು ಅದರ ಮೇಲೆ ಹದವಾಗಿ ಬೀಳುವ ಭಾರವೇ ತೀರ್ಮಾನಿಸುತ್ತದೆ. ಇಂದು ಮಾಡಿದ ವ್ಯಾಯಾಮದಿಂದ ನಾಳೆ ಬೆಳಿಗ್ಗೆ ಮೊಣಕಾಲು ಊದಿಕೊಂಡರೆ ಅದು ಹೆಚ್ಚಾಯಿತು ಎಂದು ಅರ್ಥ. ಊದದಿದ್ದರೆ ಮುಂದಿನ ವಾರ ಸ್ವಲ್ಪ ಏರಿಸಬಹುದು. ನಾನು ನಿಧಾನ ಎನ್ನುವುದು ಇದನ್ನೇ.


ಮಲ್ಪೆಯ ಓದುಗ

ಮೇಲಿನ ವಿವರಣೆಗೆ ನನ್ನ ತಕರಾರಿಲ್ಲ. ಆದರೆ ನಿಧಾನವಾಗಿ ಗುಣವಾಗಿರಿ ಎಂದು ಉಪದೇಶಿಸುವವರು ಆ ನಿಧಾನದ ಖರ್ಚನ್ನು ಯಾರು ಭರಿಸಬೇಕು ಎಂಬುದನ್ನು ಹೇಳದೆ ಬಿಡುವುದನ್ನು ನಾನು ಬಹಳ ಸಲ ನೋಡಿದ್ದೇನೆ. ತಿಂಗಳ ಸಂಬಳದ ರಜೆ ಇರುವವನಿಗೆ 9 ತಿಂಗಳು ಸಹನೆಯ ಪರೀಕ್ಷೆ. ತಿರುಗಾಟದ ಸಂಬಳವನ್ನೇ ನಂಬಿದ ಮನೆಗೆ ಅದು ಅಕ್ಕಿ ಮತ್ತು ಮಕ್ಕಳ ಶಾಲೆಯ ಶುಲ್ಕ.

ನಮ್ಮ ಕಡಲಿಗೂ ವರ್ಷಕ್ಕೊಮ್ಮೆ ಬಿಡುವು ಕೊಡುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಬಂದರಿನಿಂದ ಹೊರಡುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿ ಬೆಳೆಯುವ ಕಾಲ ಅದು. ಆ ನಿಷೇಧ ನಡೆದುಕೊಂಡು ಬಂದಿರುವುದು ಮೀನುಗಾರರ ತಾಳ್ಮೆ ದೊಡ್ಡದೆಂಬ ಕಾರಣಕ್ಕೆ ಮಾತ್ರವಲ್ಲ. ಅದಕ್ಕೆ ಆರಂಭದ ದಿನವಿದೆ, ಕೊನೆಯ ದಿನವಿದೆ. ಎಲ್ಲ ಯಾಂತ್ರಿಕ ದೋಣಿಗಳಿಗೂ ಒಂದೇ ನಿಯಮವಿರುವುದರಿಂದ ಮನೆಯಲ್ಲಿ ಕುಳಿತವನನ್ನು ಸೋಮಾರಿ ಎನ್ನುವವರಿಲ್ಲ. ಮೀನುಗಾರರ ಪಾಲಿಗೆ ಕೇಂದ್ರ, ರಾಜ್ಯ ಸರ್ಕಾರಗಳೂ ತಮ್ಮ ಪಾಲು ಸೇರಿಸುವ ಉಳಿತಾಯ ಪರಿಹಾರ ಯೋಜನೆಯಿದೆ. ಇದು ಸಾಕಾಗುತ್ತದೆ ಎಂದು ನಾನು ಹೇಳುವುದಿಲ್ಲ. ಬಿಡುವು ಕೊಡಬೇಕಾದರೆ ಅದಕ್ಕೊಂದು ವ್ಯವಸ್ಥೆಯೂ ಬೇಕು ಎಂಬ ತಿಳಿವಳಿಕೆಯಾದರೂ ಅಲ್ಲಿದೆ. ಗಾಯಗೊಂಡ ಒಬ್ಬ ಕಲಾವಿದ ಮಾತ್ರ ಈ ಎಲ್ಲವನ್ನೂ ಒಬ್ಬನೇ ಹೊಂದಿಸಿಕೊಳ್ಳಬೇಕಾಗಿದೆ.

ಮನಸ್ಸನ್ನು ಒಪ್ಪಿಸುವ ಮೊದಲು ಲೆಕ್ಕವನ್ನು ಒಪ್ಪಿಸಿ ಎಂಬುದು ನನ್ನ ಸಲಹೆ. ಮಾರ್ಚ್‌ವರೆಗೆ ಮನೆಗೆ ಎಷ್ಟು ಬೇಕು, ಎಲ್ಲಿಂದ ಬರಬಹುದು ಎಂಬುದನ್ನು ಮನೆಯವರ ಜೊತೆ ಕುಳಿತು ಬರೆದಿಡಿ. ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕ್ಷೇಮಕ್ಕಾಗಿ ದಶಕಗಳಿಂದ ದುಡಿಯುತ್ತಿರುವ ಸಂಸ್ಥೆ. ಸಂಕೋಚವಿಲ್ಲದೆ ಅಲ್ಲಿ ವಿಚಾರಿಸಿ. ನೆರವು ಕೇಳುವುದಕ್ಕೆ ನಾಚಿಕೊಂಡು ಎರಡು ತಿಂಗಳು ಮೊದಲೇ ಗೆಜ್ಜೆ ಕಟ್ಟುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.


ಹಳೆಯ ಮದ್ದಳೆಗಾರ, ಉಡುಪಿ

ಮಲ್ಪೆಯವರ ಮಾತು ಸತ್ಯ. ಅದರ ಜೊತೆಗೆ ಕಲೆಯ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ.

ನೀವು ಪುಂಡುವೇಷಕ್ಕೆ ಒಂದೇ ವರ್ಷದಲ್ಲಿ ಬಂದವರಲ್ಲ. ಪೂರ್ವರಂಗದಲ್ಲಿ, ಅಂದರೆ ಮುಖ್ಯ ಕಥೆಗೆ ಮೊದಲಿನ ಭಾಗದಲ್ಲಿ, ಕೋಡಂಗಿಯಾಗಿ ಕುಣಿದು, ಬಾಲಗೋಪಾಲರಾಗಿ ಹೆಜ್ಜೆ ಕಲಿತು, ನಿತ್ಯವೇಷ ಮಾಡುತ್ತಾ, ಚೌಕಿಯಲ್ಲಿ ಹಿರಿಯರು ಬಣ್ಣ ಹಚ್ಚುವುದನ್ನು ನೋಡುತ್ತಾ, ರಾತ್ರಿಯೆಲ್ಲ ಪರದೆಯ ಬದಿಯಲ್ಲಿ ನಿಂತು ಇನ್ನೊಬ್ಬರ ಅರ್ಥ (ಪಾತ್ರದ ಮಾತು) ಕೇಳುತ್ತಾ ಬಂದವರು. ಪೂರ್ವರಂಗ ಎಂಬುದು ಪ್ರೇಕ್ಷಕರು ಸೇರುವವರೆಗೆ ಹೊತ್ತು ಕಳೆಯಲು ಇಟ್ಟದ್ದೆಂದು ಈಗಿನ ಕೆಲವರು ತಿಳಿದಿದ್ದಾರೆ. ಹೊಸಬನ ಕಾಲಿಗೆ ತಾಳ ಇಳಿಯುವುದಕ್ಕೆ ನಮ್ಮ ಹಿರಿಯರು ಮಾಡಿಟ್ಟ ಏರ್ಪಾಡು ಅದು. ಹಲವು ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದ ಮೇಲೆ ಪೂರ್ವರಂಗ ಮೊಟಕಾಗಿ, ಹುಡುಗರು ಬೇಗನೆ ದೊಡ್ಡ ವೇಷಕ್ಕೆ ಏರುತ್ತಿದ್ದಾರೆ. ಇದು ನನಗೆ ಸರಿಕಾಣುವುದಿಲ್ಲ, ಆದರೆ ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಕಾಲಿಗೆ ಬಿಡುವು ಬೇಕಾದಾಗ ಬೆಳೆಯಬಹುದಾದ ಬೇರೆ ಅಂಗ ನಿಮ್ಮ ಕಲೆಯಲ್ಲೇ ಇದೆ. ಪುಂಡುವೇಷದವರಿಗೆ ಸಾಮಾನ್ಯವಾಗಿ ಕುಣಿತಕ್ಕೆ ಚಪ್ಪಾಳೆ ಸಿಗುತ್ತದೆ, ಮಾತಿಗೆ ಸಮಯ ಸಿಗುವುದಿಲ್ಲ. ಮಳೆಗಾಲ ಮುಗಿಯುವ ಮೊದಲು, ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲಿ ಕುಳಿತುಕೊಳ್ಳಿ. ಅರ್ಜುನನ ಮಗ ಬಭ್ರುವಾಹನನನ್ನೇ ತೆಗೆದುಕೊಳ್ಳಿ. ಯಜ್ಞಾಶ್ವವನ್ನು ಕಟ್ಟಿದವನು, ಅದು ತಂದೆಯ ಕುದುರೆ ಎಂದು ತಿಳಿದೊಡನೆ ಕಾಣಿಕೆಯೊಂದಿಗೆ ಎದುರಿಗೆ ಬಂದು ನಿಲ್ಲುತ್ತಾನೆ. ಅರ್ಜುನ ಅವನನ್ನು ಮಗನೆಂದು ಒಪ್ಪುವುದಿಲ್ಲ, ತಾಯಿಯನ್ನೂ ಹೀಯಾಳಿಸುತ್ತಾನೆ. ರಂಗಸ್ಥಳದಲ್ಲಿ ಆ ಸಿಟ್ಟು ನಿಮ್ಮ ದಿಗಿಣಗಳಲ್ಲಿ ಸುರಿದುಹೋಗುತ್ತದೆ. ಕುಳಿತು ಅರ್ಥ ಹೇಳುವಾಗ ಹಾರುವುದಕ್ಕೆ ದಾರಿಯಿಲ್ಲ. ವಿನಯ ಎಲ್ಲಿ ಮುಗಿಯಿತು, ಅವಮಾನ ಎಲ್ಲಿ ತಾಗಿತು, ತಾಯಿಯ ಮಾತು ಬಂದಾಗ ದನಿ ಎಲ್ಲಿ ಬದಲಾಯಿತು ಎಂಬುದನ್ನೆಲ್ಲ ಮಾತಿನಲ್ಲೇ ಕಟ್ಟಬೇಕು. ಎದುರಿನ ಅರ್ಥಧಾರಿ ಅನಿರೀಕ್ಷಿತವಾದ ಒಂದು ಪ್ರಶ್ನೆ ಹಾಕಿದರೆ ಓದಿ ಬಂದದ್ದೆಲ್ಲ ಸಾಲದೆ ಹೋಗಬಹುದು. ಒಂದು ಮಳೆಗಾಲ ಹಾಗೆ ಕುಳಿತವನು ಮರಳಿ ಗೆಜ್ಜೆ ಕಟ್ಟಿದಾಗ ಅವನ ಮೊದಲ ಪ್ರವೇಶದಲ್ಲೇ ಅದು ಗೊತ್ತಾಗುತ್ತದೆ. ಮದ್ದಳೆಯ ಹಿಂದೆ ಕುಳಿತು ನಾನು ಅದನ್ನು ಕಂಡಿದ್ದೇನೆ.


ಪ್ರೇಕ್ಷಕ, ಕಾರ್ಕಳ

ಆಟ ನೋಡುವವರ ಕಡೆಯಿಂದ ಒಂದೇ ಮಾತು. ಎಷ್ಟು ದಿಗಿಣ ಹಾರಿದ ಎಂದು ಎಣಿಸಿ ಸೀಟಿ ಹೊಡೆಯುವ ಅಭ್ಯಾಸವನ್ನು ಪ್ರೇಕ್ಷಕರಾದ ನಾವೇ ಬೆಳೆಸಿದ್ದೇವೆ. ಕಲಾವಿದರ ಮೊಣಕಾಲಿನ ಬಗ್ಗೆ ಮರುಕಪಡುವ ಮೊದಲು ಅದನ್ನು ಬಿಡಬೇಕು.


ಉಪನ್ಯಾಸಕಿ, ಕುಂಜಿಬೆಟ್ಟು

ಇದು ಮೊಣಕಾಲಿನ ಚರ್ಚೆ ಎಂದು ತಿಳಿದೂ ಬರೆಯುತ್ತಿದ್ದೇನೆ, ಏಕೆಂದರೆ ‘ಇನ್ನೂ’ ಎಂಬ ಆ ಪ್ರಶ್ನೆ ನನಗೂ ಗೊತ್ತು. ನನ್ನ ಪತಿ ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿದೆ. ನಿಮ್ಮ ಗಾಯವನ್ನು ಎಂಆರ್‌ಐ ತೋರಿಸುತ್ತದೆ, 9 ತಿಂಗಳು ಎಂದು ಹೇಳಲು ವೈದ್ಯರಿದ್ದಾರೆ. ನನ್ನಂಥವರ ಗಾಯಕ್ಕೆ ಚಿತ್ರವಿಲ್ಲ, ಅವಧಿಯನ್ನು ಬಂಧುಗಳೇ ನಿಗದಿಪಡಿಸುತ್ತಾರೆ. ಆರು ತಿಂಗಳಿಗೆ ‘ಕೆಲಸದಲ್ಲಿ ಮನಸ್ಸು ತೊಡಗಿಸು’ ಎಂದರು. ಬಣ್ಣದ ಸೀರೆ ಉಟ್ಟು ಕಾಲೇಜಿಗೆ ಹೋದ ದಿನ ‘ಇಷ್ಟು ಬೇಗವಾ?’ ಎಂದವರೂ ಅವರಲ್ಲೇ ಇದ್ದರು. ನಿಧಾನವಾದರೂ ತಪ್ಪು, ಬೇಗವಾದರೂ ತಪ್ಪು ಎಂದಾದಾಗ ಅವರ ಗಡಿಯಾರವನ್ನು ನೋಡುವುದನ್ನೇ ನಿಲ್ಲಿಸಿದೆ.

ಆಪ್ತಸಲಹೆಗೆ ಹೋದಾಗ ತಿಳಿದ ಒಂದು ವಿಚಾರ ನನಗೆ ಬಹಳ ಸಹಾಯ ಮಾಡಿತು. ನೆದರ್‌ಲ್ಯಾಂಡ್ಸ್‌ನ ಮನಃಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ ಅದು. ಅವರ ಪ್ರಕಾರ ದುಃಖಿಸುವವರು ಮೆಟ್ಟಿಲು ಹತ್ತಿದಂತೆ ಒಂದೊಂದೇ ಹಂತ ದಾಟಿ ಮೇಲೆ ಹೋಗುವುದಿಲ್ಲ. ಕಳೆದುಕೊಂಡದ್ದರ ಕಡೆಗೆ ಒಮ್ಮೆ, ಮುಂದಿನ ಬದುಕಿನ ಕೆಲಸಗಳ ಕಡೆಗೆ ಒಮ್ಮೆ, ಹೀಗೆ ಅವರ ಮನಸ್ಸು ಓಡಾಡುತ್ತಿರುತ್ತದೆ. ಆ ಓಡಾಟವೇ ಆರೋಗ್ಯಕರ. ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಖಾತೆ ಬದಲಾಯಿಸಿಕೊಂಡು ಬಂದು, ಸಂಜೆ ಅವರ ಕನ್ನಡಕದ ಪೆಟ್ಟಿಗೆ ಕೈಗೆ ಸಿಕ್ಕಿ ಎರಡು ಗಂಟೆ ಅತ್ತ ದಿನ, ಬೆಳಗಿನ ಧೈರ್ಯ ಸುಳ್ಳಾಗಿತ್ತು ಎಂದು ನನಗೆ ಅನಿಸಲಿಲ್ಲ. ಮೊದಲಾಗಿದ್ದರೆ ಅನಿಸುತ್ತಿತ್ತು.

ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಅವಸರ ಮಾಡುವುದಿಲ್ಲ. ದೀರ್ಘಕಾಲದ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿ ಎಂದು ಹೆಸರಿಸಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಕನಿಷ್ಠ 6 ತಿಂಗಳನ್ನೂ, ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ಪರಿಷ್ಕರಿಸಿದ ಕೈಪಿಡಿ ವಯಸ್ಕರಿಗೆ ಕನಿಷ್ಠ 12 ತಿಂಗಳನ್ನೂ ಹೇಳುತ್ತವೆ. ಅದೂ ಬದುಕೇ ನಡೆಯದಷ್ಟು ತೀವ್ರತೆ ಇದ್ದರೆ ಮಾತ್ರ. ವೈದ್ಯರು ತಮ್ಮ ವಿವೇಚನೆಗೆ ಇಟ್ಟುಕೊಂಡ ಗೆರೆ ಅದು. ಅಷ್ಟರೊಳಗೆ ದುಃಖ ಮುಗಿಯಬೇಕು ಎಂದು ಯಾರೂ ಹೇಳಿಲ್ಲ. ತಿಂಗಳು ತಿಂಗಳು ಮಾಸಿಕ ಮಾಡಿ, ವರ್ಷಾಂತಿಕದವರೆಗೆ ಮನೆಯಲ್ಲಿ ಶುಭಕಾರ್ಯವನ್ನು ತಡೆದಿಡುತ್ತಿದ್ದ ನಮ್ಮ ಹಿರಿಯರ ಪದ್ಧತಿಯಲ್ಲಿ ವಿಧವೆಯರಿಗೆ ಮಾಡಿದ ಅನ್ಯಾಯಗಳು ಬಹಳವಿವೆ, ಅವನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಒಂದು ವರ್ಷ ಬೇಕಾಗುತ್ತದೆ ಎಂಬುದನ್ನು ಮನೆಯವರೆಲ್ಲ ಒಟ್ಟಾಗಿ ಒಪ್ಪಿಕೊಂಡಿರುತ್ತಿದ್ದರು.


ಪುಂಡುವೇಷದವನು, ಬಜಪೆ

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ಉಪನ್ಯಾಸಕಿಯವರ ದುಃಖದ ಮುಂದೆ ನನ್ನದನ್ನು ಇಡುವುದಕ್ಕೆ ಸಂಕೋಚವಾಗುತ್ತದೆ, ಆದರೂ ಅವರು ಬರೆದದ್ದರಿಂದ ನನಗೆ ಸಮಾಧಾನವಾಯಿತು. ಈಗ ಮೊದಲಿನ ಪ್ರಶ್ನೆಗಿಂತ ಒಳಗಿನ ಒಂದು ಪ್ರಶ್ನೆ ಕೇಳುತ್ತೇನೆ. ವೈದ್ಯರು ಬೇಡ ಎಂದಾಗ ಬೇಸರವಾಗುತ್ತದೆ, ನಿಜ. ಆದರೆ ಮಾರ್ಚಿನಲ್ಲಿ ಅವರು ‘ಇನ್ನು ಹಾರಬಹುದು’ ಎಂದುಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆಯೂ ಇದೆ. ಮನೆಯಂಗಳದಲ್ಲಿ ಸುಮ್ಮನೆ ತಿರುಗುವಾಗಲೂ ಬಲಗಾಲು ತಾನಾಗಿ ಹಿಂಜರಿಯುತ್ತದೆ. ಇದು ನಿಧಾನವೋ, ಪುಕ್ಕಲುತನವೋ ತಿಳಿಯುತ್ತಿಲ್ಲ.


ಆಪ್ತಸಮಾಲೋಚಕ, ಮಣಿಪಾಲ

ಅದು ಪುಕ್ಕಲುತನವಲ್ಲ, ಗಾಯದ ಒಂದು ಭಾಗ. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳುವವರ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸುಮಾರು ಶೇಕಡಾ 81 ಮಂದಿ ಯಾವುದಾದರೂ ಆಟಕ್ಕೆ ಮರಳಿದರೂ ತಮ್ಮ ಹಿಂದಿನ ಮಟ್ಟಕ್ಕೆ ಮರಳಿದವರು ಶೇಕಡಾ 65 ಮಾತ್ರ. ಹಿಂದುಳಿದವರೆಲ್ಲರ ಮೊಣಕಾಲು ಕೆಟ್ಟಿತ್ತು ಎಂದಲ್ಲ. ಮತ್ತೆ ಗಾಯವಾದೀತು ಎಂಬ ಭಯ ದೊಡ್ಡ ಕಾರಣಗಳಲ್ಲಿ ಒಂದು. ಈ ಭಯವನ್ನು ಅಳೆಯಲೆಂದೇ 12 ಪ್ರಶ್ನೆಗಳ ಎಸಿಎಲ್-ಆರ್‌ಎಸ್‌ಐ ಎಂಬ ಮಾಪನ 2008ರಿಂದ ಬಳಕೆಯಲ್ಲಿದೆ. ನಿಮ್ಮ ಫಿಸಿಯೋಥೆರಪಿಸ್ಟ್ ಬಳಿ ಅದರ ಬಗ್ಗೆ ಕೇಳಿ. ಸ್ನಾಯುವಿನ ಬಲದ ಜೊತೆಗೆ ಧೈರ್ಯವೂ ತಿಂಗಳಿಂದ ತಿಂಗಳಿಗೆ ಏರುತ್ತಿದೆಯೇ ಎಂದು ನೋಡಬಹುದು.

ನಿಧಾನಕ್ಕೂ ನಿಂತುಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ನನ್ನ ಬಳಿಗೆ ಬರುವವರಲ್ಲಿ ನಾನು ಗಮನಿಸುವುದು ಅವರ ಜಗತ್ತು ಹಿಗ್ಗುತ್ತಿದೆಯೇ, ಕುಗ್ಗುತ್ತಿದೆಯೇ ಎಂಬುದನ್ನು. ಆಟವಾಡಲು ಆಗದಿದ್ದರೂ ಆಟ ನೋಡಲು ಹೋಗುವವನು ನಿಧಾನವಾಗಿ ಗುಣವಾಗುತ್ತಿದ್ದಾನೆ. ಮೊದಲು ಕುಣಿತ ಬಿಟ್ಟು, ಆಮೇಲೆ ಆಟ ನೋಡುವುದನ್ನು ಬಿಟ್ಟು, ಆಮೇಲೆ ಮೇಳದವರ ಫೋನ್ ಎತ್ತುವುದನ್ನು ಬಿಟ್ಟು, ಕೊನೆಗೆ ವ್ಯಾಯಾಮವನ್ನೂ ಬಿಟ್ಟವನು ಗುಣವಾಗುತ್ತಿಲ್ಲ, ಅವನು ಎಷ್ಟೇ ಶಾಂತನಾಗಿ ಕಂಡರೂ. ನಿದ್ರೆ, ಹಸಿವು ಕೆಟ್ಟು ಎರಡು ವಾರ ಕಳೆದಿದ್ದರೆ, ಬೆಳಿಗ್ಗೆ ಏಳುವುದಕ್ಕೆ ಕಾರಣವೇ ಕಾಣದಿದ್ದರೆ, ಬದುಕು ಬೇಡವೆನಿಸಿದರೆ, ಕಾಯಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಪುಂಡುವೇಷದವರಿಗಾಗಿ ಮಾತ್ರ ಬರೆಯುತ್ತಿಲ್ಲ. ಓದುತ್ತಿರುವ ಎಲ್ಲರಿಗಾಗಿಯೂ ಬರೆಯುತ್ತಿದ್ದೇನೆ.

ಅಂಗಳದಲ್ಲಿ ಹಿಂಜರಿಯುವ ಕಾಲನ್ನು ಗದರಿಸಬೇಡಿ. ಈಗಿನ ಹಂತದಲ್ಲಿ ಅದು ಹಿಂಜರಿಯುವುದೇ ಸರಿ.


ಪುಂಡುವೇಷದವನು, ಬಜಪೆ

ನಿನ್ನೆ ಮೇಳದ ಯಜಮಾನರಿಗೆ ಫೋನ್ ಮಾಡಿ, ಈ ತಿರುಗಾಟಕ್ಕೆ ನವೆಂಬರಿನಲ್ಲಿ ಹೊರಡುವುದಿಲ್ಲ ಎಂದು ತಿಳಿಸಿದೆ. ನಾನು ಭಾವಿಸಿದಷ್ಟು ಬೇಸರ ಅವರು ಮಾಡಿಕೊಳ್ಳಲಿಲ್ಲ. ಏಪ್ರಿಲ್ ಹೊತ್ತಿಗೆ ವೈದ್ಯರು ಒಪ್ಪಿದರೆ ಕುಣಿತ ಕಡಿಮೆ ಇರುವ ವೇಷದಿಂದ ಆರಂಭಿಸೋಣ ಎಂದರು. ಕಲಾರಂಗದಲ್ಲಿ ವಿಚಾರಿಸಲು ಈ ವಾರ ಉಡುಪಿಗೆ ಹೋಗುತ್ತೇನೆ. ನಮ್ಮ ಭಾಗವತರು ಮುಂದಿನ ತಿಂಗಳು ಸುರತ್ಕಲ್ ಬಳಿ ನಡೆಯುವ ಒಂದು ತಾಳಮದ್ದಳೆಗೆ ಹೆಸರು ಸೇರಿಸಿದ್ದಾರೆ. ಮದ್ದಳೆಗಾರರು ಹೇಳಿದ ಬಭ್ರುವಾಹನನೇ ಸಿಕ್ಕಿದ್ದಾನೆ, ಎದುರಿಗೆ ಅರ್ಜುನನಾಗಿ ಕೂರುವವರು ಬಹಳ ಹಿರಿಯರು, ಈಗಲೇ ಓದಲು ಕುಳಿತಿದ್ದೇನೆ. ಕಂಕನಾಡಿಯವರಿಗೆ ಒಂದು ಪ್ರಶ್ನೆ: ಎರಡು ಮೂರು ಗಂಟೆ ಚಕ್ಕಳಮಕ್ಕಳ ಹಾಕಿ ಕೂರಬಹುದೇ?


ಫಿಸಿಯೋಥೆರಪಿಸ್ಟ್, ಕಂಕನಾಡಿ

ಈಗ ಬೇಡ. ಮೊಣಕಾಲು ಪೂರ್ತಿ ಮಡಚಿ, ಪಕ್ಕಕ್ಕೆ ತಿರುಚಿಕೊಂಡು ಅಷ್ಟು ಹೊತ್ತು ಕೂರುವುದು ಈ ಹಂತಕ್ಕೆ ಹೆಚ್ಚಾಗುತ್ತದೆ. ಎದ್ದು ನಿಲ್ಲುವಾಗಲೂ ಒಂದೇ ಕಾಲಿನ ಮೇಲೆ ಭಾರ ಬೀಳುತ್ತದೆ. ಸಂಘಟಕರಿಗೆ ಮೊದಲೇ ಹೇಳಿ ಕುರ್ಚಿ ಇಡಿಸಿಕೊಳ್ಳಿ. ಕುರ್ಚಿಯಲ್ಲಿ ಕೂತು ಅರ್ಥ ಹೇಳುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ನಿಮ್ಮ ಸರದಿ ಇಲ್ಲದ ಹೊತ್ತಿನಲ್ಲಿ ಆಗಾಗ ಕಾಲನ್ನು ಪೂರ್ತಿ ನೀಡಿ, ತೊಡೆಯ ಮುಂಭಾಗವನ್ನು ಬಿಗಿಮಾಡಿ ಬಿಡುತ್ತಿರಿ. ಮರುದಿನ ಬೆಳಿಗ್ಗೆ ಎರಡೂ ಮೊಣಕಾಲನ್ನು ಪಕ್ಕಪಕ್ಕ ಇಟ್ಟು ನೋಡಿ, ಬಾವು ಇದ್ದರೆ ನಿಮಗೆ ಚಿಕಿತ್ಸೆ ಕೊಡುತ್ತಿರುವವರಿಗೆ ತಿಳಿಸಿ.